ಮುಯ್ಯಾಳಿಗೆ ಕೂಲಿ ಕೊಟ್ಟಳು ನನ್ನ ಮಗಳು

ನಿಂಬರ್ಗಾ
ತಾ. 2-2-1994

ನನ್ನ ಬಂಗಾರದಂಥ ಮಗಳು ಮಹಾನಂದಾಳಿಗೆ ನಿನ್ನ ಅವ್ವ ಗುರುಬಾಯಿಯ ನೂರು ಆಶೀರ್ವಾದ, ಅದರ ಹಿಂದೆಯೇ ಒಂದಿಷ್ಟು ಬೈಗುಳ. ಎರಡನ್ನೂ ಸಮನಾಗಿ ತಗೋ.

ನಾನು ಆರಾಮ ಇದ್ದೇನೆ. ಎಮ್ಮೆ ಈದಿದೆ, ಹೆಣ್ಣುಗರು. ಅಕ್ಷರ ನೋಡಿ ಹುಬ್ಬೇರಿಸಬೇಡ. ಪ್ರತಿಸಲ ನನ್ನ ಪತ್ರ ಬರೆದುಕೊಡುತ್ತಿದ್ದ ಶರಫುದ್ದೀನ ಮಾಸ್ತರರಿಗೆ ಆಳಂದಕ್ಕೆ ವರ್ಗವಾಯಿತು. ಇದು ಬೇರೆಯವರ ಕೈ. ಸಾಲು ಡೊಂಕಾದರೂ ಚಿಂತೆಯಿಲ್ಲ, ನಾನು ಹೇಳಿದ್ದಷ್ಟೇ ಬರೆಯಬೇಕು, ಒಂದಕ್ಷರ ಹೆಚ್ಚಿಗೆ ಬರೆಯಕೂಡದು ಎಂದು ಮೊದಲೇ ತಾಕೀತು ಮಾಡಿ ಕೂಡಿಸಿದ್ದೇನೆ.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ‘ರೊಕ್ಕವೇ ಇಲ್ಲದೆ ಸಮಾಜ ನಡೆಯಬಲ್ಲದೇ ಎಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ, ನೀನೇನು ಹೇಳುತ್ತೀ ಅವ್ವಾ?’ ಎಂದು ಚಾಷ್ಟಿಗೆ ಕೇಳಿದ್ದೀ. ಕೊನೆಗೆ, ನಮ್ಮ ಹೊಲಕ್ಕೆ ಬಂದ ಏಳು ಮಂದಿ ನೀನು ಕೊಟ್ಟ ರೊಕ್ಕದಲ್ಲಿ ಬಳೆ ಇಟ್ಟುಕೊಂಡರೋ ಕುಪ್ಪಸ ಹೊಲಿಸಿಕೊಂಡರೋ ಎಂದೂ ಕೇಳಿದ್ದೀ. ಇದನ್ನು ನಿನಗೆ ಹೇಳಲೇಬಾರದು ಎಂದುಕೊಂಡಿದ್ದೆ. ನೀನಾಗಿ ಕೆದಕಿದ್ದೀ, ಈಗ ಕೇಳು.

ಎಳ್ಳಮವಾಸ್ಯೆಗೆ ನೀನು ಬಂದಾಗ ಊರೆಲ್ಲ ತಿರುಗಿ ನೋಡಿತು. ಗುಲಬರ್ಗಾದ ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣು ನಮ್ಮೂರಲ್ಲಿ ನೀನೊಬ್ಬಳೇ. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಕುಪ್ಪಸದ ಗುಂಡಿ ಹಾಕುವುದು ಕಷ್ಟವಾಗಿತ್ತು. ಮರುದಿನ ನಮ್ಮ ತೊಗರಿ ಕೊಯ್ಲು. ಮಲ್ಕಮ್ಮನೂ ಸೇರಿ ಏಳು ಮಂದಿ ಬಂದರು. ಬೆಳಗಿನಿಂದ ಕೊಯ್ದು, ಹಾಡಿ, ನಿನ್ನ ಲಗ್ನದ ಮಾತೆತ್ತಿ ನಿನ್ನನ್ನು ಕಾಡಿಸಿ, ನನ್ನ ಭಜ್ಜಿ ರೊಟ್ಟಿ ಉಂಡು, ಸಂಜೆ ಕುಡಗೋಲು ಒರೆಸಿಕೊಂಡು ಹೊರಟರು. ಆಗ ನೀನು ಬೇವಿನ ಗಿಡದ ಕೆಳಗೆ ಅವರನ್ನು ಸಾಲಾಗಿ ನಿಲ್ಲಿಸಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಒಬ್ಬೊಬ್ಬರ ಕೈಯಲ್ಲಿ ಇಪ್ಪತ್ತು ರೂಪಾಯಿಯ ಹೊಸ ನೋಟು ಇಟ್ಟೆ. ‘ಪುಕ್ಕಟೆ ದುಡೀಬ್ಯಾಡ್ರಿ, ದುಡಿಮಿಗೆ ಬೆಲೆ ಅದ’ ಎಂದು ಭಾಷಣವನ್ನೂ ಮಾಡಿದೆ.

ಊರ ಕೂಲಿ ಹದಿನೈದು, ನೀನು ಇಪ್ಪತ್ತು ಕೊಟ್ಟೆ. ನಿನ್ನ ಮನಸ್ಸು ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರು ಕೂಲಿಗೆ ಬಂದವರಲ್ಲ ತಾಯಿ, ಮುಯ್ಯಾಳಿಗೆ ಬಂದವರು. ಇವತ್ತು ಅವರು ನನ್ನ ಹೊಲಕ್ಕೆ, ನಾಳೆ ನಾನು ಅವರ ಹೊಲಕ್ಕೆ. ನೀನು ಹತ್ತು ವರ್ಷದವಳಿದ್ದಾಗಲೇ ಹಾಸ್ಟೆಲಿಗೆ ಹೋದೆ, ಸುಗ್ಗಿಯಲ್ಲಿ ಒಮ್ಮೆಯೂ ಊರಲ್ಲಿರಲಿಲ್ಲ. ಇದು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ಯಾರೂ ಬೇಡ ಅನ್ನಲಿಲ್ಲ. ಓದಿದ ಮಗಳು ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಒಲ್ಲೆ ಅನ್ನುತ್ತಾರೆ? ಮಲ್ಕಮ್ಮ ನೋಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನನ್ನ ಮುಖ ನೋಡಿ, ‘ಆತು ಬಿಡ್ರಿ ಅಕ್ಕ, ನಮ್ಮ ನಿಮ್ಮ ಮುಯ್ಯಿ ತೀರ್ತು’ ಎಂದಳು. ನೀನು ನಕ್ಕೆ. ಮುಯ್ಯಿ ತೀರಿತು ಅಂದರೆ ನಾಳೆಯಿಂದ ನಾವು ಬರುವುದಿಲ್ಲ ಎಂದರ್ಥ.

ಮರುದಿನ ನಿನ್ನನ್ನು ಬಸ್ಸು ಹತ್ತಿಸಿ ಹೊಲಕ್ಕೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಮೂರು ಎಕರೆ ತೊಗರಿ ಇನ್ನೂ ನಿಂತಿತ್ತು. ಕಾಯಿ ಒಣಗಿ, ಕೈ ಹಚ್ಚಿದರೆ ಸಿಡಿದು ಕಾಳು ಮಣ್ಣು ಸೇರುತ್ತಿತ್ತು. ನೀನು ಖರ್ಚಿಗೆಂದು ಕೊಟ್ಟುಹೋದ ರೊಕ್ಕ ಇತ್ತಲ್ಲ, ಅದನ್ನು ಹಿಡಿದು ಕೂಲಿಯವರನ್ನು ಹುಡುಕಿಕೊಂಡು ಸರಸಂಬಾದ ತನಕ ಹೋದೆ. ಸುಗ್ಗಿಯಲ್ಲಿ ಯಾರು ಖಾಲಿ ಇರುತ್ತಾರೆ? ಎಲ್ಲರೂ ಒಂದಲ್ಲ ಒಂದು ಮುಯ್ಯಾಳಿನಲ್ಲಿ ಇದ್ದರು. ‘ನಮ್ಮ ಪಾಳಿ ಮುಗದ ಮ್ಯಾಲ ಬರ್ತೇವ್ರಿ’ ಎಂದರು. ಕೈಯಲ್ಲಿ ರೊಕ್ಕ ಇತ್ತು, ಹೊಲದಲ್ಲಿ ಕೈ ಇರಲಿಲ್ಲ. ಇದನ್ನು ನಿನ್ನ ಚರ್ಚಾಸ್ಪರ್ಧೆಯಲ್ಲಿ ಹೇಳು.

ನಿಜ ಹೇಳಲೇ? ತೊಗರಿ ಹಾಳಾಗುವುದಕ್ಕಿಂತ ಇನ್ನೊಂದು ನನ್ನನ್ನು ಸುಟ್ಟಿತು. ಅವತ್ತಿನಿಂದ ಮಲ್ಕಮ್ಮನ ಹೊಲದ ಪಾಳಿ ಇತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನಮ್ಮ ಬಾಗಿಲ ಮುಂದೆಯೇ ಕುಡಗೋಲು ಹಿಡಿದು ಹೋದರು, ಒಬ್ಬಳೂ ‘ಬರ್ತೀಯೇನಬೇ’ ಅನ್ನಲಿಲ್ಲ. ನಿನ್ನಪ್ಪ ತೀರಿಕೊಂಡ ವರ್ಷ ನಿನಗೆ ನಾಲ್ಕು ವರ್ಷ. ನಾನು ತಿಂಗಳೊಪ್ಪತ್ತು ಹೊಸ್ತಿಲು ದಾಟಲಿಲ್ಲ. ಆಗ ಇದೇ ಮಲ್ಕಮ್ಮ ಮಂದಿಯನ್ನು ಕಟ್ಟಿಕೊಂಡು ಬಂದು ನಮ್ಮ ಹೊಲದ ಕಳೆ ತೆಗೆದಳು. ಆ ದಿನಗಳನ್ನು ನಾನು ಅವರ ಹೊಲಗಳಲ್ಲಿ ದುಡಿದು ಕೊಟ್ಟೆ, ಅವರು ಮತ್ತೆ ಬಂದರು, ನಾನು ಮತ್ತೆ ಹೋದೆ. ಅದು ತೀರಲೇ ಇಲ್ಲ, ತೀರಬಾರದು. ಅದು ತೀರಿದ ದಿನ ಗುರುಬಾಯಿ ಈ ಊರಲ್ಲಿ ಬರೀ ನಾಲ್ಕು ಎಕರೆಯ ಒಬ್ಬ ಹೆಂಗಸು.

ಉಪ್ಪು, ಚಿಮಣಿಗೆ ಗ್ಯಾಸ್‌ಎಣ್ಣೆ, ಆಗ ನಿನ್ನ ಹಾಸ್ಟೆಲ್ ಫೀಸು, ಇವಕ್ಕೆಲ್ಲ ರೊಕ್ಕ ಬೇಕೇ ಬೇಕು. ರೊಕ್ಕವೇ ಬೇಡ ಅನ್ನುವಷ್ಟು ಹುಚ್ಚಿ ನಾನಲ್ಲ. ಈ ಪತ್ರ ತರುತ್ತಿರುವ ಮಹಾದೇವಪ್ಪನೂ ತೊಗರಿ ಮಾರಲಿಕ್ಕೇ ಗುಲಬರ್ಗಾಕ್ಕೆ ಹೊರಟಿದ್ದಾನೆ. ಆದರೆ ರೊಕ್ಕ ಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ, ಅವನ್ಯಾರೋ ನೀನ್ಯಾರೋ. ಮುಯ್ಯಿ ಇದ್ದರೆ ನಾಳೆ ಮತ್ತೆ ಮುಖ ನೋಡಬೇಕು. ಇದು ಹತ್ತೂರಿಗೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಎಂಟು ಮಂದಿ ಹೆಂಗಸರು ಇಪ್ಪತ್ತೆರಡು ಸುಗ್ಗಿ ಒಂದು ಬಿಡಿಗಾಸು ಇಲ್ಲದೆ ನಡೆಸಿದ್ದೇವೆ. ನಿಮ್ಮ ಕಾಲೇಜಿನವರು ಒಂದು ಸುಗ್ಗಿ ನಡೆಸಿ ತೋರಿಸಲಿ, ಆಮೇಲೆ ತೀರ್ಪು ಕೊಡಲಿ.

ಹೆದರಬೇಡ, ತೊಗರಿ ಉಳಿಯಿತು. ಮೂರು ದಿನ ನಾನೊಬ್ಬಳೇ ಕೊಯ್ದೆ. ಐದನೆಯ ದಿನ ಏಳು ಮಂದಿಯೂ ತಾವಾಗಿಯೇ ಬಂದು ಸಾಲು ಹಿಡಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಾನು ಮಾತ್ರ ಒಬ್ಬರ ಮನೆಯ ಬಾಗಿಲಿಗೂ ಹೋಗಲಿಲ್ಲ, ಒಬ್ಬರ ಮುಂದೆಯೂ ಸೆರಗೊಡ್ಡಲಿಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೋ. ನಿನ್ನ ಅವ್ವ ತಲೆ ತಗ್ಗಿಸಿದವಳಲ್ಲ, ನೀನೂ ತಗ್ಗಿಸಬೇಡ.

ಕೊಟ್ಟ ಕೈಯ ಮೇಲೆ ನನಗೆ ಸಿಟ್ಟಿಲ್ಲ. ಕೊಡಬೇಕು ಅನ್ನುವ ಮಗಳನ್ನು ಹೆತ್ತಿದ್ದೇನೆ, ಅದೇನು ಸಣ್ಣ ಮಾತೇ? ಕೊಡುವ ರೀತಿ ಕಲಿಯಬೇಕು, ಅಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣು. ಮಹಾದೇವಪ್ಪನಿಗೆ ಚಹಾ ಕುಡಿಸಿ ಕಳಿಸು, ಅವನ ಕೈಗೂ ನೋಟು ಇಟ್ಟುಗಿಟ್ಟೀಯಾ!

ನಿನ್ನನ್ನು ಹೆತ್ತು ಹೆಮ್ಮೆಪಡುವ,
ಅವ್ವ
ಗುರುಬಾಯಿ (ಹೆಬ್ಬೆಟ್ಟು)

ತಾ.ಕ.: ಮಹಾನಂದಾ, ನಾ ಮಲ್ಕಮ್ಮ ಬರಿಯಾಕತ್ತೇನಿ ಬೇ. ಮೇಲಿಂದೆಲ್ಲ ನಾನೇ ಬರದದ್ದು. ಸಾಕ್ಷರತಾ ಕ್ಲಾಸಿನಾಗ ಹಜರಾಬಿ ಟೀಚರ್ ಕಲಿಸ್ಯಾರ. ನಿಮ್ಮವ್ವಗೂ ಬಾ ಅಂದೆ, ಈ ವಯಸ್ಸಿನಾಗ ಪಾಟಿ ಹಿಡೀಲೇನು ಅಂತಾಳ.

ಅಕ್ಕ ಹೇಳಿದಂಗ ಬರದೇನಿ. ಆದ್ರ ಒಂದು ಮಾತು ಬಿಟ್ಟಾಳ. ನಮ್ಮ ಮನಿ ಬಾಗಿಲಿಗೆ ಬರಲಿಲ್ಲ, ಖರೆ. ನಾಕನೇ ದಿನ ನಮ್ಮ ಹೊಲಕ್ಕ ಬಂದ್ಲು. ಹೊತ್ತು ಮೂಡೂದಕ್ಕ ಬದುವಿನ ಮ್ಯಾಲ ನಿಂತಿದ್ಲು, ಯಾರೂ ಕರದಿಲ್ಲ. ತನ್ನ ತೊಗರಿ ಸಿಡ್ಯಾಕತ್ತಿತ್ತು, ಅದನ್ನ ಬಿಟ್ಟು ಸೆರಗು ಬಿಗದು ನನ್ನ ಬಾಜೂಕ ಸಾಲು ಹಿಡದ್ಲು. ಮಧ್ಯಾಹ್ನದ ತನಕ ನನ್ನ ಸಮ ಕೊಯ್ದ್ಲು. ಬುತ್ತಿ ಬಿಚ್ಚಿದಾಗ ನಾ ಒಂದು ರೊಟ್ಟಿ ಆಕಿ ಕೈಯಾಗ ಇಟ್ಟೆ. ಕಣ್ಣಾಗ ನೀರು ಬಂತು, ಚಟ್ನಿ ಹಿಂಡಿ ಖಾರ ಆಗೇದ ಅಂದ್ಲು. ಹಿಂಡಿ ಇನ್ನೂ ಹಾಕೇ ಇರಲಿಲ್ಲ. ಮರುದಿನ ನಾವು ಏಳೂ ಮಂದಿ ನಿಮ್ಮ ಹೊಲಕ್ಕ ಹೋದ್ವಿ. ಅಂಥಾಕಿ ಹೊಟ್ಟ್ಯಾಗ ಹುಟ್ಟೀದಿ, ನಿನ್ನ ಪುಣ್ಯ.

ಏಳು ನೋಟು ಇದರಾಗ ಇಟ್ಟೇನಿ, ಹಂಗೇ ಅದಾವ, ಒಂದೂ ಮುರಿಸಿಲ್ಲ. ಈ ಪತ್ರ ಬರದು ಕೊಟ್ಟದ್ದಕ್ಕ ನಿಮ್ಮವ್ವ ನನ್ನ ಜ್ವಾಳದ ಕೊಯ್ಲಿಗೆ ಒಂದಿನ ಬರಬೇಕು. ನೀನೂ ಶಿವರಾತ್ರಿ ಸೂಟಿಗೆ ಬಾ. ರೊಕ್ಕದ ಚೀಲ ಗುಲಬರ್ಗಾದಾಗ ಇಟ್ಟು ಬಾ, ಕುಡಗೋಲು ನಾ ಕೊಡ್ತೇನಿ. ಮುಯ್ಯಾಳಿನಾಗ ಈಗ ಒಂಬತ್ತು ಮಂದಿ, ನಿನ್ನ ಸಾಲು ನಿಮ್ಮವ್ವನ ಬಾಜೂಕ.

ಹೆಬ್ಬೆಟ್ಟು ಒತ್ತಿದ ಮ್ಯಾಲ ಇನ್ನೂ ಏನು ಅಷ್ಟು ಬರೀತಿ ಅಂತ ಅಕ್ಕ ಕೇಳಾಕತ್ತಾಳ. ನಿಮ್ಮ ಮಗಳ ವಿಳಾಸ ಬರಿಯಾಕತ್ತೇನ್ರಿ ಅಂದೇನಿ.

— ಮಲ್ಕಮ್ಮ