ಬಿಡುವಿನಲ್ಲಿ ಆಡದ ಹುಡುಗಿ

ಬೊಬ್ರುವಾಡ, ಅಂಕೋಲಾ
೨೮ ನವೆಂಬರ್ ೨೦೨೪, ಗುರುವಾರ

ಪ್ರಣಿತಾಳ ಅಪ್ಪನಿಗೆ ಗಂಗಿಯ ನಮಸ್ಕಾರ.

ನೀವು ಆರಾಮ ಇದ್ದೀರಿ ಎಂದು ನಮ್ಮ ಕೇರಿಯ ತಿಮ್ಮು ಹೇಳಿದ. ಅತ್ತೆಯ ಮೊಣಕಾಲು ನೋವು ಕಡಿಮೆಯಾಗಿಲ್ಲ ಎಂದೂ ಹೇಳಿದ. ಇಲ್ಲಿ ನನ್ನ ಅವ್ವಿ ಹಾಗೆಯೇ ಇದ್ದಾಳೆ. ಬಲಗೈ ಇನ್ನೂ ಏಳುವುದಿಲ್ಲ, ಗಂಜಿಯನ್ನು ನಾನೇ ಬಾಯಿಗೆ ಹಾಕಬೇಕು. ಈಗ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದ್ದಾಳೆ. ಅವಳು ಏಳುವುದರೊಳಗೆ ಬರೆದು ಮುಗಿಸಬೇಕು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹೂಂ, ಮತ್ತೇನು" ಎಂದ ಕೂಡಲೇ ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ನಾಡಿದ್ದು ಶನಿವಾರದ ಸಭೆಗೆ ಮೊದಲೇ ಸಿಗಲಿ ಎಂದು ಈ ಕಾಗದವನ್ನು ತಿಮ್ಮುವಿನ ಕೈಯಲ್ಲಿ ಕೊಡುತ್ತೇನೆ. ಅವನು ಹೇಗೂ ದಿನಾ ಇಲ್ಲಿಂದ ನೇವಿಯ ಕಂತ್ರಾಟು ಕೆಲಸಕ್ಕೆ ಬರುವವನು, ನಿಮ್ಮ ಜೊತೆಗೇ ಇರುವವನು.

ಕಳೆದ ಶನಿವಾರ ಪಾಲಕರ ಸಭೆಯಲ್ಲಿ ನನ್ನನ್ನು ಕಂಡು ನಿಮಗೆ ಸಿಟ್ಟು ಬಂದಿರಬೇಕು. ನೀವು ಶಾಲಾ ಕಮಿಟಿಯ ಅಧ್ಯಕ್ಷರು, ಮುಂದೆ ಮಾಸ್ತರ ಪಕ್ಕದ ಕುರ್ಚಿಯಲ್ಲಿ ಇದ್ದಿರಿ. ನಾನು ಬುಟ್ಟಿಯನ್ನು ಹೊರಗಿಟ್ಟು ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ. ಜಗಳಕ್ಕೆ ಬಂದದ್ದಲ್ಲ. ಶಾಲೆಯಲ್ಲಿ ಬಿಡುವು ತೆಗೆಯುತ್ತಾರಂತೆ ಎಂದು ಪ್ರಣಿತಾ ಹೇಳಿದ್ದಳು, ಅದಕ್ಕೆ ಬಂದೆ. ಬೆಳಗಿನ ಸಣ್ಣ ಬಿಡುವು ಹೋದರೆ ನನಗೆ ಅವಳ ಮುಖ ನೋಡಲು ಬೇರೆ ಹೊತ್ತಿಲ್ಲ. ನಾನು ಗೇಟಿಗೆ ಬರುವುದು ನಿಮಗೆ ಗೊತ್ತಿದೆ ಎಂದು ನನಗೂ ಗೊತ್ತು. ಗೊತ್ತಿದ್ದೂ ನೀವು ಬೇಡ ಎಂದು ಹೇಳಿ ಕಳಿಸಲಿಲ್ಲ. ಅದಕ್ಕೆ ಉಪಕಾರ.

ಎರಡು ವರ್ಷದ ಹಿಂದೆ ಅವ್ವಿಗೆ ಲಕ್ವ ಹೊಡೆದಾಗ ಒಂದು ತಿಂಗಳು ಎಂದು ಹೇಳಿ ಇಲ್ಲಿಗೆ ಬಂದೆ. ತಿಂಗಳು ಮುಗಿದರೂ ಅವಳು ಏಳಲಿಲ್ಲ. "ಅಲ್ಲೇ ಇರೂದಾರೆ ಅಲ್ಲೇ ಇರು. ಹುಡುಗಿ ಶಾಲೆ ಮಾತ್ರ ಹಾಳು ಮಾಡ್ಬೇಡ" ಎಂದು ನೀವು ಹೇಳಿದಿರಿ. ಆ ಮಾತನ್ನು ಮತ್ತೆ ತೆಗೆದು ಜಗಳವಾಡಲು ನನ್ನಲ್ಲಿ ತ್ರಾಣವಿಲ್ಲ. ಚೆಂಡಿಯಾದ ನಿಮ್ಮ ಮನೆಗೆ ಬರಬೇಡ ಎಂದು ಅತ್ತೆ ಹೇಳಿದ ಮೇಲೆ ನಾನು ಶಾಲೆಯ ಗೇಟಿಗೆ ಬರತೊಡಗಿದೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಆದದ್ದರಿಂದ ಬರಲು ಆಯಿತು. ಸೋಮವಾರ, ಬುಧವಾರ ಬರುತ್ತಿದ್ದೆ.

ಗೇಟಿನಲ್ಲಿ ಸುಮ್ಮನೆ ನಿಂತರೆ ಯಾರು, ಏನು ಎಂದು ಜನ ಕೇಳುತ್ತಾರೆ. ಬುಟ್ಟಿ ಇದ್ದರೆ ಕೇಳುವುದಿಲ್ಲ. ನಮ್ಮ ಕೇರಿಯ ಹೆಂಗಸರು ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಎಲ್ಲಿಗೆ ಹೋದರೂ ವ್ಯಾಪಾರಕ್ಕೆ ಹೊರಟವರೇ. ಹಾಗಾಗಿ ಬಿಂಬಳಿ, ನೆಲ್ಲಿಕಾಯಿ, ಅಮಟೆಕಾಯಿ ಹೆಚ್ಚಿ, ಉಪ್ಪು ಖಾರ ಕಲಸಿ ತಂದೆ. ಮಾರಬೇಕೆಂದು ಅಲ್ಲ, ನಿಲ್ಲಲು ಒಂದು ಕಾರಣ ಬೇಕಿತ್ತು. ಆದರೆ ಮಕ್ಕಳಿಗೆ ಹುಳಿ ಎಂದರೆ ಕೇಳಬೇಕೇ. ಬೆಲ್ಲು ಹೊಡೆದ ಕೂಡಲೇ ಗೇಟಿಗೆ ಮುತ್ತತೊಡಗಿದರು. ನಾನು ಪ್ರಣಿತಾಳ ಜೊತೆ ಎರಡು ಮಾತಾಡುವುದರೊಳಗೆ ಹತ್ತು ಕೈ ನಡುವೆ ಬರುತ್ತಿತ್ತು. ಅವಳೇ ಗೇಟು ದಾಟಿ ಬಂದು ನನ್ನ ಮಗ್ಗುಲಿಗೆ ಕೂತು ಕಾಗದದಲ್ಲಿ ಕಟ್ಟಿಕೊಡತೊಡಗಿದಳು. ನನಗೆ ಅದು ಖುಷಿಯಾಗಿತ್ತು. ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು.

ಸಭೆಯಲ್ಲಿ ರಾಮನಾಥ ಮಾಸ್ತರು ಹೇಳಿದ್ದೆಲ್ಲ ನನಗೆ ಅರ್ಥವಾಯಿತು. ಬೆಳಿಗ್ಗೆಯದೂ ಮಧ್ಯಾಹ್ನದ ಮೇಲಿನದೂ, ಎರಡು ಸಣ್ಣ ಬಿಡುವು ತೆಗೆದರೆ ದಿನಕ್ಕೆ ಒಂದು ಪಾಠದ ಹೊತ್ತು ಉಳಿಯುತ್ತದೆ. ಐದನೆಯ ತರಗತಿಯವರಿಗೆ ನವೋದಯ ಪರೀಕ್ಷೆ ಹತ್ತಿರ ಬಂತು, ಅದರ ತಯಾರಿಗೆ ಆಗುತ್ತದೆ. ಉಳಿದವರಿಗೆ ಗಣಿತ. ಊಟದ ಹೊತ್ತು ಹೇಗೂ ಇದೆಯಲ್ಲ, ಆಗ ಓಡಾಡಿದರೆ ಸಾಕು ಎಂದರು. ಎಲ್ಲರೂ ತಲೆ ಅಲ್ಲಾಡಿಸಿದರು. ಆಮೇಲೆ ನೀವು ಎದ್ದು ನಿಂತಿರಿ. "ನೇವಿಗೆ ನಮ್ಮ ಜಾಗ ಹೋತು, ಗದ್ದೆ ಹೋತು. ಕಾಲನಿ ಮನೇಲಿ ಒಂದು ಬಸಳೆ ಬಳ್ಳಿ ಹಬ್ಸೂಕೆ ಜಾಗ ಇಲ್ಲ. ಈ ಮಕ್ಳಿಗೆ ಕೊಡೂಕೆ ನಮ್ಮ ಹತ್ರ ಓದು ಒಂದೇ ಉಳ್ದದೆ" ಎಂದಿರಿ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನೀವು ಹೇಳಿದ್ದು ಸುಳ್ಳು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಪ್ರಣಿತಾ ನವೋದಯ ಪಾಸಾದರೆ ನಿಮ್ಮಷ್ಟೇ ಖುಷಿ ನನಗೂ.

ಆಮೇಲೆ ಒಬ್ಬಳು ತಾಯಿ ಎದ್ದು, ಬಿಡುವು ಇದ್ದರೆ ಮಕ್ಕಳು ಗೇಟಿನ ಹತ್ತಿರ ಹುಳಿ ತಿಂದು ಕೆಮ್ಮು ತರುತ್ತಾರೆ, ಬೆಲ್ಲು ಹೊಡೆದರೂ ಒಳಗೆ ಹೋಗುವುದಿಲ್ಲ ಎಂದಳು. ಆಗ ಊರಿಗೆ ಹೊಸದಾಗಿ ಬಂದ ಸುಭಾಷ ಅಂದದ್ದು ನಿಮಗೆ ನೆನಪಿರಬೇಕು. "ಮಾಸ್ತರ ಹತ್ರಕ್ಕಿಂತ ಆ ಬುಟ್ಟಿ ಹತ್ರವೇ ಹಾಜರಿ ಜಾಸ್ತಿ. ಲೆಕ್ಕ ಕಲ್ಸೂಕೂ ಬುಟ್ಟಿ ಹೆಂಗ್ಸಿಗೇ ಹೇಳಿ ಮಾರಾಯ್ರೇ." ಸಭೆ ಎಲ್ಲ ನಕ್ಕಿತು. ನಾನು ಹಿಂದೆ ನಿಂತದ್ದು, ನಾನು ಯಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನೂ ನಕ್ಕೆ. ನೀವು ನಗಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಆಚೆ ಈಚೆ ಸರಿಸಿದಿರಿ. ಈ ಕಾಗದ ಬರೆಯಲು ಧೈರ್ಯ ಬಂದದ್ದು ಅದರಿಂದ.

ಬಸ್ಸಿನಲ್ಲಿ ಬರುವಾಗ ಒಂದು ಮಾತು ಜೋಡಿಸಿಕೊಂಡು ಬಂದಿದ್ದೆ. ಬಿಡುವು ತೆಗೆಯಬೇಡಿ, ಮಕ್ಕಳಿಗೆ ಆಟ ಬೇಕು ಎಂದು ಹೇಳಬೇಕೆಂದಿದ್ದೆ. ಬಾಯಿ ತೆರೆಯಲು ಆಗಲಿಲ್ಲ. ಬಿಡುವು ಬೇಡ ಎನ್ನುವವರಿಗೆ ಕಾರಣ ಕೊಟ್ಟದ್ದೇ ನನ್ನ ಬುಟ್ಟಿ. ಇನ್ನು ನಾನು ಏನೆಂದು ಹೇಳಲಿ. ಪಾಠ ಹೇಳುವ ವೈಜಯಂತಿ ಅಕ್ಕೋರು ಒಬ್ಬರೇ ಬಿಡುವು ಬೇಕು ಎಂದು ಮಾತಾಡಿದರು. ಒಂದೇ ಸಮ ಕೂತ ಮಕ್ಕಳ ಕಣ್ಣು ಹಲಗೆಯ ಮೇಲೆ ಇರುತ್ತದೆ, ಒಳಗೆ ಏನೂ ಹೋಗುವುದಿಲ್ಲ, ಒಂದು ಸುತ್ತು ಓಡಿ ಬಂದರೆ ಅದೇ ಲೆಕ್ಕವನ್ನು ಮಾಡುತ್ತಾರೆ ಎಂದರು. ಅವರ ಮಾತನ್ನು ಹೆಚ್ಚು ಜನ ಕೇಳಿಸಿಕೊಳ್ಳಲಿಲ್ಲ. ಮುಂದಿನ ಶನಿವಾರ ಅಧ್ಯಕ್ಷರು ಹೇಳಿದ ಹಾಗೆ ಆಗಲಿ ಎಂದು ಮಾಸ್ತರು ಸಭೆ ಮುಗಿಸಿದರು.

ನಾನು ಬುಟ್ಟಿ ಎತ್ತಿಕೊಳ್ಳುತ್ತಿದ್ದಾಗ ಅಕ್ಕೋರು ಕರೆದು ಬಾವಿಯ ಹತ್ತಿರ ಕರೆದುಕೊಂಡು ಹೋದರು. ನಾನು ಯಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಬುಟ್ಟಿ ತರಬೇಡ ಎಂದು ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ.

"ಬಿಡುವು ಬೇಕು ಅಂತ ನಾ ಅಲ್ಲಿ ಜಗಳ ಮಾಡ್ತೆ ಗಂಗಿ. ಆದ್ರೆ ನಿನ್ನ ಹುಡುಗಿ ಈ ವರ್ಷ ಒಂದು ದಿನಾನೂ ಆಡ್ಲಿಲ್ಲ" ಎಂದರು.

ನಾನು ಬರುವುದು ಎರಡೇ ದಿನ ಎಂದೆ. ಉಳಿದ ದಿನವೂ ಅವಳು ಗೇಟಿನ ಹತ್ತಿರವೇ ನಿಲ್ಲುತ್ತಾಳಂತೆ. ಅಂಕೋಲಾ ಕಡೆಯಿಂದ ಬಸ್ಸು ಬಂದರೆ ಇಳಿಯುವವರನ್ನು ನೋಡುತ್ತಾಳಂತೆ. ಅವ್ವಿ ಬಂದರೂ ಬರಬಹುದು ಎಂದು. ಹುಡುಗಿಯರು ಲಗೋರಿಗೆ ಗುಂಪು ಮಾಡುವಾಗ ಮೊದಮೊದಲು ಇವಳನ್ನು ಕರೆಯುತ್ತಿದ್ದರಂತೆ, ಇವಳು ಹೋಗದ್ದಕ್ಕೆ ಈಗ ಕರೆಯುವುದನ್ನೇ ಬಿಟ್ಟಿದ್ದಾರೆ. ಊಟಕ್ಕೂ ಒಬ್ಬಳೇ ಕೂರುತ್ತಾಳೆ. ಅವಳಿಗೆ ಬಿಂಬಳಿ ಎಂದು ಹೆಸರಿಟ್ಟಿದ್ದಾರೆ. ಇದೊಂದನ್ನೂ ಅವಳು ನನಗೆ ಹೇಳಿಲ್ಲ. ನಿಮಗೂ ಹೇಳಿರಲಿಕ್ಕಿಲ್ಲ. ನನ್ನ ಹತ್ತಿರ ಬಂದಾಗ, ಎಲ್ಲ ಚಂದ ಉಂಟು ಅವ್ವಿ ಎನ್ನುತ್ತಿದ್ದಳು. ಅಕ್ಕೋರು ಇಷ್ಟು ಹೇಳಿ ನನ್ನ ಬೆನ್ನು ಸವರಿ ಒಳಗೆ ಹೋದರು. ನಾನು ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ.

ಅಂದಿನಿಂದ ಗಂಜಿ ಬೇಯಿಸುವಾಗ, ಅವ್ವಿಯ ಬಟ್ಟೆ ಹಿಂಡುವಾಗ, ಶೇಂಗಾ ಗದ್ದೆಯಲ್ಲಿ ಕಳೆ ಕೀಳುವಾಗ ಇದೇ ಯೋಚನೆ. ನಿಮಗೆ ಹೇಳಬೇಕಾದದ್ದು ಇಷ್ಟು.

ಬಿಡುವು ತೆಗೆಯಬೇಡಿ. ಇದು ನನಗಾಗಿ ಕೇಳುತ್ತಿಲ್ಲ. ಮೊದಲು ನನಗಾಗಿಯೇ ಕೇಳಬೇಕೆಂದು ಬಂದಿದ್ದೆ, ಈಗ ಅಲ್ಲ. ಇನ್ನು ಮುಂದೆ ನಾನು ಗೇಟಿಗೆ ಬರುವುದಿಲ್ಲ. ಬುಟ್ಟಿಯನ್ನು ಅಂಕೋಲಾ ಬಸ್‌ಸ್ಟ್ಯಾಂಡಿನ ಹತ್ತಿರ ಇಡುತ್ತೇನೆ. ಸಭೆಯಲ್ಲಿ ಕೆಮ್ಮಿನ ಮಾತು ಬಂದರೆ, ಆ ಬುಟ್ಟಿ ಇನ್ನು ಬರುವುದಿಲ್ಲ ಎಂದು ನೀವು ಹೇಳಬಹುದು.

ನವೋದಯ ಪಾಸಾದರೆ ಅವಳು ಹಾಸ್ಟೆಲಿಗೆ ಹೋಗಬೇಕು. ಅಲ್ಲಿ ನೀವೂ ಇಲ್ಲ, ನಾನೂ ಇಲ್ಲ. ಗೊತ್ತಿಲ್ಲದ ಹುಡುಗಿಯರ ಹತ್ತಿರ ಹೋಗಿ, ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಲು ಅವಳಿಗೆ ಬರಬೇಕು. ಅದನ್ನು ಯಾವ ಮಾಸ್ತರೂ ಹಲಗೆಯ ಮೇಲೆ ಬರೆದು ಕಲಿಸುವುದಿಲ್ಲ. ನಾನು ಶಾಲೆಯಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ. ಆದರೆ ಬಿಡುವಿನಲ್ಲಿ ನನ್ನ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ಸುಮಿತಾ ಇಂದಿಗೂ ಇದ್ದಾಳೆ. ನಾನು ಚೆಂಡಿಯಾಕ್ಕೆ ಬಂದ ದಿನ ನನ್ನ ಅವ್ವಿಯ ಹತ್ತಿರ ಕೂತು ನೀರು ಕುಡಿಸುವವಳು ಅವಳೇ. ಪ್ರಣಿತಾಳಿಗೂ ಅಂಥ ಒಬ್ಬಳು ಬೇಕು. ಪಾಠಕ್ಕೆ ಹೊತ್ತು ಸಾಲದಿದ್ದರೆ ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕೂರಿಸಿಕೊಂಡು ಹೇಳಿಕೊಡುತ್ತೇನೆ ಎಂದು ಅಕ್ಕೋರು ಸಭೆಯಲ್ಲೇ ಹೇಳಿದ್ದರು. ಗದ್ದಲದಲ್ಲಿ ನಿಮಗೆ ಕೇಳಿಸಿತೋ ಇಲ್ಲವೋ.

ಇನ್ನೊಂದು ಮಾತು. ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಶನಿವಾರ ಸಂಜೆ ಕೆಲಸ ಬಿಟ್ಟು ಬರುವಾಗ ತಿಮ್ಮು ಪ್ರಣಿತಾಳನ್ನು ಇಲ್ಲಿಗೆ ಕರೆದುಕೊಂಡು ಬರಬಹುದು. ಭಾನುವಾರ ಸಂಜೆ ನಾನೇ ಬಸ್ಸಿನಲ್ಲಿ ತಂದು ಚೆಂಡಿಯಾ ಸ್ಟಾಪಿನಲ್ಲಿ ಬಿಡುತ್ತೇನೆ, ನೀವು ಅಲ್ಲಿಗೆ ಬಂದರೆ ಸಾಕು. ಮನೆಯ ತನಕ ನಾನು ಬರುವುದಿಲ್ಲ, ಅತ್ತೆಗೆ ತೊಂದರೆ ಕೊಡುವುದಿಲ್ಲ. ಪುಸ್ತಕ ಕೊಟ್ಟು ಕಳಿಸಿದರೆ ಇಲ್ಲಿ ಕೂರಿಸಿ ಓದಿಸುತ್ತೇನೆ. ವಾರ ವಾರ ಆಗದಿದ್ದರೆ ಆದಾಗ ಕಳಿಸಿ. ನೀವು ಇದಕ್ಕೆ ಒಪ್ಪಿದರೂ ಒಪ್ಪದಿದ್ದರೂ ಬಿಡುವಿನ ಮಾತು ಬೇರೆ. ಅದನ್ನೂ ಇದನ್ನೂ ಕೂಡಿಸಿ ನೋಡಬೇಡಿ.

ಅವ್ವಿ ಎದ್ದಳು, ಕರೆಯುತ್ತಿದ್ದಾಳೆ. ನೀವು ಬಿಸಿಲಿನಲ್ಲಿ ಕೆಲಸ ಮಾಡುವಾಗ ತಲೆಗೆ ಏನಾದರೂ ಕಟ್ಟಿಕೊಳ್ಳಿ. ಮೊನ್ನೆ ಸಭೆಯಲ್ಲಿ ಬಹಳ ಸೊರಗಿದ ಹಾಗೆ ಕಂಡಿರಿ.

ಇಷ್ಟೇ ಬರೆಯಲು ಆಯಿತು.

ಪ್ರಣಿತಾಳ ಅವ್ವಿ,
ಗಂಗಿ

ತಾ.ಕ.: ಗೇಟಿಗೆ ಬರುವುದಿಲ್ಲ ಎಂದು ಅವಳಿಗೆ ನಿನ್ನೆ ಬುಧವಾರವೇ ಹೇಳಿ ಬಂದೆ. ಅಂಕೋಲಾದಲ್ಲಿ ಕೆಲಸ ಜಾಸ್ತಿಯಾಗಿದೆ, ಅವ್ವಿಗೆ ಪುರಸೊತ್ತಿಲ್ಲ ಎಂದೆ. ಅಜ್ಜಿಗೆ ಜೋರಾಯಿತಾ ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ಕಾಗದ ಮಡಿಚುತ್ತಾ ಕೂತಳು. ಆಮೇಲೆ "ಹಂಗಾರೆ ನಾ ಆಡೂಕೆ ಹೋಗ್ಲಾ ಅವ್ವಿ" ಎಂದಳು. ಹೋಗು ಎಂದೆ. ಅವಳು ಹುಡುಗಿಯರ ಹತ್ತಿರ ಹೋಗಿ ನಿಂತಳು. ಅವರು ಸೇರಿಸಿಕೊಂಡರೋ ಇಲ್ಲವೋ ನೋಡಲು ಧೈರ್ಯವಾಗದೆ ಬಸ್ಸು ಹತ್ತಿಬಿಟ್ಟೆ. ಶನಿವಾರ ಕಳಿಸಲು ನಿಮಗೆ ಆಗದಿದ್ದರೆ ನಾನು ಕೇಳಿದ್ದೆ ಎಂದು ಅವಳಿಗೆ ಹೇಳಬೇಡಿ. ಅವಳು ಕೇಳಿದರೆ ನೀವೂ ಹಾಗೆಯೇ ಹೇಳಿ, ಅವ್ವಿಗೆ ಪುರಸೊತ್ತಿಲ್ಲ ಎಂದು. ಅವಳ ಮಟ್ಟಿಗಾದರೂ ನಾವಿಬ್ಬರೂ ಒಂದೇ ಮಾತು ಹೇಳಿದ ಹಾಗೆ ಆಗಲಿ.