ಅಧ್ಯಕ್ಷರು ಒಳ್ಳೆಯವರೇ ಎಂದು ಕೇಳಿದ್ದೆಯಲ್ಲ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನೀನೂ ನಿನ್ನ ಮನೆಯವರೂ ಮಗುವೂ ಹುಷಾರಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕನಿಗೆ ಸೊಕ್ಕು ಬಂತು ಎಂದು ಬೈದುಕೊಂಡಿರುತ್ತೀಯ. ಬರೆಯಲು ಕೂತಿದ್ದೆ ಕಣೆ, ಬರೆದದ್ದನ್ನು ಹರಿದೂ ಹಾಕಿದ್ದೆ. ನನ್ನ ಮಂಡಿನೋವು ಎಲ್ಲಿಗೂ ಹೋಗಿಲ್ಲ, ಸವತಿಯ ಹಾಗೆ ಜೊತೆಯಲ್ಲೇ ಇದೆ. ಮಗ ದೇಶದ ಅಧ್ಯಕ್ಷರ ಭದ್ರತಾ ಪಡೆಯಲ್ಲಿ ಗಾಡಿ ಓಡಿಸುತ್ತಾನೆ. ಕೆಲಸ ಒಗ್ಗಿದೆ, ಮನೆಯಲ್ಲಿ ಮಾತು ಮಾತ್ರ ಕಡಿಮೆ ಮಾಡಿದ್ದಾನೆ. ವಯಸ್ಸು ಹಾಗಿರಬೇಕು.

"ಟೀವಿಯಲ್ಲಿ ಎಲ್ಲರೂ ಒಳ್ಳೆಯವರ ಥರಾನೇ ಕಾಣ್ತಾರೆ. ಆ ಮನುಷ್ಯನ ಮುಖ ಕೈಯಾರೆ ಮುಟ್ಟಿದವಳು ನೀನು. ನೀನು ಯಾರನ್ನ ಒಳ್ಳೆಯವರು ಅಂತೀಯೋ ಅವರಿಗೇ ನನ್ನ ಓಟು" ಎಂದು ನೀನು ಬರೆದಿದ್ದೆ. ಈ ಮಾತನ್ನು ಹೋದ ವರ್ಷ ಕೇಳಿದ್ದರೆ ಒಂದೇ ಸಾಲಿನಲ್ಲಿ ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದೆ.

ನಾನು ಮೇಕಪ್ ಕೋಣೆಗೆ ಕಾಲಿಟ್ಟರೆ ಅಧ್ಯಕ್ಷರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ ಪುಟ್ಟಿ. ಸುಳ್ಳಲ್ಲ. "ಬನ್ನಿ ತಾಯಿ, ಈ ಹಳೇ ಗೋಡೆಗೆ ಸ್ವಲ್ಪ ಸುಣ್ಣ ಹೊಡೀರಿ" ಎಂದು ನಗುತ್ತಾರೆ. ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ, ಹೆಂಗಸರ ವಿಷಯದಲ್ಲಿ ಒಂದು ಕೆಟ್ಟ ಮಾತಿಲ್ಲ. ನಿಮ್ಮ ಭಾವ ತೀರಿಕೊಂಡಾಗ ಮನೆಗೇ ಬಂದು ನೆಲದ ಮೇಲೆ ಕೂತಿದ್ದರು. ಮಗನಿಗೆ ಕೆಲಸ ಸಿಕ್ಕಿದ್ದೂ ಅವರಿಂದಲೇ. ಎದುರು ಪಕ್ಷದ ಅಭ್ಯರ್ಥಿ ಸಂದರ್ಶನಕ್ಕೆ ಬಂದರೆ ಕೋಣೆಯೆಲ್ಲ ಸಿಗರೇಟಿನ ವಾಸನೆ. ಕಟ್ಟಿಕೊಂಡವಳನ್ನು ಬಿಟ್ಟ ಮನುಷ್ಯ. ಫೋನಿನಲ್ಲಿ ಯಾರಿಗೋ ಬೈಯುತ್ತಲೇ "ಏಯ್, ಬೇಗ ಬೇಗ ಬಳಿ" ಎನ್ನುತ್ತಾರೆ. ಇಬ್ಬರಲ್ಲಿ ಯಾರು ಸಭ್ಯರು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು.

ನಮ್ಮ ಟೀವಿ ಸ್ಟುಡಿಯೋದಲ್ಲಿ ಒಬ್ಬ ಕ್ಯಾಮೆರಾದವನಿದ್ದ. ಎತ್ತರದ ಆಳು, ಎಲ್ಲರೂ ಅವನನ್ನು ಕಂಬಣ್ಣ ಎನ್ನುತ್ತಿದ್ದೆವು. ಬಾಯಿಗೆ ಬೀಗವಿಲ್ಲ. ಒಂದು ದಿನ ಅಧ್ಯಕ್ಷರ ಭಾಷಣದ ಚಿತ್ರೀಕರಣ. ಪೇಟೆಯಲ್ಲಿ ಬೆಲೆ ಇಳಿದಿದೆ ಎಂದು ಅವರು ಓದುತ್ತಿದ್ದಾಗ ಇವನು ಕ್ಯಾಮೆರಾದ ಹಿಂದಿನಿಂದ, "ಯಾವ ಅಂಗಡೀಲಿ ಸಾರ್? ಹೇಳಿದ್ರೆ ನಮ್ಮನೆಯವಳನ್ನ ಈಗ್ಲೇ ಕಳಿಸ್ತೀನಿ" ಎಂದುಬಿಟ್ಟ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರೇ. ಹೋಗುವಾಗ ಅವನ ಭುಜ ತಟ್ಟಿದರು.

ಆಮೇಲೆ ಒಳಗೆ ನಾನು ಹತ್ತಿಯಲ್ಲಿ ಅವರ ಕೆನ್ನೆ ಒರೆಸುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಕಾರ್ಯದರ್ಶಿಗೆ ಹೇಳಿದರು: "ಆ ಎತ್ತರದ ಹುಡುಗ ತಮಾಷೆಯವನು. ಸ್ವಲ್ಪ ವಿಚಾರಿಸಿಕೊಳ್ಳಿ."

ಮನೆಗೆ ಬಂದ ನೆಂಟರನ್ನು ವಿಚಾರಿಸಿಕೊಳ್ಳಲು ಹೇಳುತ್ತೇವಲ್ಲ, ಅದೇ ಧ್ವನಿ. ನನ್ನ ಬೆರಳಿನ ಕೆಳಗೆ ಆ ಮುಖದ ಒಂದು ನರವೂ ಬಿಗಿಯಲಿಲ್ಲ. ಬಹುಮಾನವೇನೋ ಕೊಡಿಸುತ್ತಾರೆ ಎಂದೇ ತಿಳಿದೆ.

ಮಾರನೆಯ ದಿನದಿಂದ ಕಂಬಣ್ಣನಿಲ್ಲ. ರಾಜೀನಾಮೆ ಕೊಟ್ಟು ಹೋದ ಎಂದರು. ಅವನ ಹೆಂಡತಿ ಹೊಲಿಗೆ ಕೆಲಸದವಳು. ಕೆಲಸ ಬಿಟ್ಟು ಬಂದು ಸ್ಟುಡಿಯೋದ ಗೇಟಿನಲ್ಲಿ ನಿಲ್ಲತೊಡಗಿದಳು. ನನ್ನ ಕೈ ಹಿಡಿದು, "ಕನ್ನಡಕ ಇಲ್ಲೇ ಇದೆಯಂತಲ್ಲ ಅಕ್ಕ. ಅದಿಲ್ದೆ ಅವರಿಗೆ ಬಾಗಿಲೂ ಕಾಣಲ್ಲ. ಕನ್ನಡಕ ಬಿಟ್ಟು ಯಾರಾದ್ರೂ ರಾಜೀನಾಮೆ ಕೊಡ್ತಾರಾ?" ಎಂದಳು.

ಮುಂದಿನ ಸಲ ಅಧ್ಯಕ್ಷರು ಬಂದಾಗ ಧೈರ್ಯ ಮಾಡಿದೆ. ಅಷ್ಟು ಒಳ್ಳೆಯವರ ಮುಂದೆ ಹೇಳಲು ಹೆದರಿಕೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. "ಸಾರ್, ಕಂಬಣ್ಣನ ಹೆಂಡತಿ ಪಾಪ ದಿನಾ ಗೇಟಲ್ಲಿ ನಿಂತಿರ್ತಾಳೆ" ಎಂದೆ. ಕಣ್ಣು ತೆರೆದು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ನಿಜವಾದ ಕನಿಕರ ಪುಟ್ಟಿ, ನಾಟಕವಲ್ಲ. ಮೇಕಪ್ಪಿನವಳಿಗೆ ಅದು ತಿಳಿಯುತ್ತದೆ.

"ಛೆ, ನಿಂತೇ ಇರ್ತಾಳಾ? ಆಕೆಗೆ ಒಂದು ಕುರ್ಚಿ ಹಾಕಿಸ್ರಿ" ಎಂದರು ಕಾರ್ಯದರ್ಶಿಗೆ.

ಕುರ್ಚಿ ಹಾಕಿದರು. ಮೆತ್ತೆ ಇರುವ ಒಳ್ಳೆಯ ಕುರ್ಚಿ. ಅವಳು ಅದರಲ್ಲಿ ಕೂರುತ್ತಿದ್ದಳು. ಬಂದುಹೋಗುವವರೆಲ್ಲ "ನೋಡಿ, ಎಂಥ ದೊಡ್ಡ ಮನಸ್ಸು" ಎಂದರು.

ಎದುರು ಪಕ್ಷದ ಅಭ್ಯರ್ಥಿ ಮೇಕಪ್ ಕೋಣೆಯ ಕಿಟಕಿಯಿಂದ ಅವಳನ್ನು ನೋಡಿದ್ದು ಹೋದ ವಾರ. ಅರ್ಧ ಮುಖಕ್ಕೆ ಬಣ್ಣ, ಕುತ್ತಿಗೆಗೆ ನನ್ನ ಟವೆಲು, ಹಾಗೇ ಎದ್ದು ಗೇಟಿಗೆ ಹೋದರು. "ಯಾವೋನ್ರೀ ಇವಳನ್ನ ಇಲ್ಲಿ ಕೂರಿಸಿರೋದು? ಗಂಡ ಎಲ್ಲಿ ಅಂತ ಬೊಗಳ್ರೋ!" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದರು. ಓಟಿಗಾಗಿ ಕೂಗಿದರೋ ಸಂಕಟದಿಂದಲೋ ನನಗೆ ಗೊತ್ತಿಲ್ಲ. ವಾಪಸ್ ಬಂದು ನನಗೂ ಬೈದರು, ಬಣ್ಣ ಒಣಗಿತು ಎಂದು. ಮರುದಿನ ಗೇಟಿನಲ್ಲಿ ಕುರ್ಚಿಯೂ ಇಲ್ಲ, ಅವಳೂ ಇಲ್ಲ. ಅವಳ ಮನೆಗೆ ಹೋದೆ. ಬೀಗ. ಪಕ್ಕದ ಮನೆಯವರು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು.

ಓಟು ಯಾರಿಗೆ ಎಂದು ನನ್ನನ್ನು ಕೇಳಬೇಡ. ಒಬ್ಬರ ನಡತೆ ಚೆನ್ನಾಗಿದೆ, ಇನ್ನೊಬ್ಬರ ಬಾಯಿ ಹೊಲಸು. ಅಷ್ಟು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ಅದರಾಚೆ ಏನು ತೂಗಬೇಕೋ ನನ್ನ ಕೈಗೆ ಸಿಗುತ್ತಿಲ್ಲ. ನಿನ್ನ ಮನೆಯವರಿಗೆ ಕಚೇರಿಯಲ್ಲಿ ತಮಾಷೆ ಮಾಡಬೇಡಿ ಎಂದು ಹೇಳು. ಮಗುವಿನ ಕೆನ್ನೆಗೆ ನನ್ನ ಮುತ್ತು. ನೀನು ತುಂಬಿದ ಮನೆಯಲ್ಲಿ ನೂರು ಕಾಲ ನೆಮ್ಮದಿಯಾಗಿ ಬಾಳು, ನನ್ನ ಕಂದ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ ಪುಟ್ಟಿ, ಬರೆಯಲು ಕೈ ಬರಲಿಲ್ಲ. ಭಾನುವಾರ ಮಗನ ಎದುರು ಕಂಬಣ್ಣನ ಸುದ್ದಿ ಎತ್ತಿದೆ. ಅವನು ಹೇಳಿದ: "ಅವತ್ತು ಗಾಡಿ ಓಡಿಸಿದ್ದು ನಾನೇ ಅಮ್ಮ. ಅವರನ್ನ ಹಿಂದೆ ಕೂರಿಸಿದ್ರು. ನನ್ನ ದನಿ ಗುರುತು ಹಿಡಿದು, 'ಓ, ನಮ್ಮ ಮೇಕಪ್ಪಮ್ಮನ ಮಗ! ಹಾಗಾದ್ರೆ ಭಯ ಇಲ್ಲ ಬಿಡಪ್ಪ' ಅಂದ್ರು. ಉದ್ದಕ್ಕೂ ತಮ್ಮ ಮನೆ ದಾರಿ ಹೇಳ್ತಾನೇ ಇದ್ರು, ಎಡಕ್ಕೆ ತಗೋ, ಬಲಕ್ಕೆ ತಗೋ ಅಂತ."

"ನೀನು ಎಲ್ಲಿಗೆ ತಗೊಂಡೆ?" ಎಂದೆ.

"ಆಮೇಲೆ ಅಧ್ಯಕ್ಷರು ತಾವೇ ಫೋನ್ ಮಾಡಿ, ಊಟ ಆಯ್ತೇನಪ್ಪ ಅಂತ ಕೇಳಿದ್ರು. ಅವರು ತುಂಬಾ ಒಳ್ಳೆಯವರು ಅಮ್ಮ" ಎಂದ.

ಈಗ ಅವನು ಸ್ನಾನದ ಮನೆಯಲ್ಲಿದ್ದಾನೆ. ನೀರಿನ ಸದ್ದು ನಿಂತಿತು. ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳುತ್ತಾನೆ, ಮುಚ್ಚಿಡುತ್ತೇನೆ.