ಬಾಲಯೇಸು ಇಲ್ಲದ ಗೋದಲಿ

ಹಾಸನ
೨೮ ಡಿಸೆಂಬರ್, ಭಾನುವಾರ

ನನ್ನ ಮಗಳು ಸೆಲೀನಾಳಿಗೆ,

ಅಮ್ಮನ ಕೈಬರಹ ಕಂಡ ತಕ್ಷಣ ಹರಿದು ಒಲೆಗೆ ಹಾಕಬೇಡ. ನೀನು ಹಾಕುವವಳೇ, ನಿನ್ನ ಸಿಟ್ಟು ಯಾರಿಂದ ಬಂತೆಂದು ನನಗೆ ಗೊತ್ತಿಲ್ಲವೇ. ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ಎರಡೇ ಮಾತಿಗೆ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಿಮ್ಮತ್ತೆ ಗುರುಸಿದ್ದಮ್ಮನವರು ಬಂದಿದ್ದರು. ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಒಬ್ಬರೇ, ಚೀಲದ ತುಂಬ ತೆಂಗಿನಕಾಯಿ ಹೊತ್ತುಕೊಂಡು, ನಿನಗೂ ಚಂದ್ರಮೌಳಿಗೂ ಹೇಳದೆ. ನಿಮ್ಮ ಮದುವೆಯಾಗಿ ಹತ್ತು ತಿಂಗಳಾಯಿತು, ಅವರು ನಮ್ಮ ಹೊಸ್ತಿಲು ತುಳಿದದ್ದು ಇದೇ ಮೊದಲು.

ತಿಂಗಳ ಹಿಂದೆ ನೀನು ಕೇಳಿದ್ದೆ, ಅಮ್ಮಾ, ಹೆರಿಗೆಗೆ ಬರಲಾ ಎಂದು. ಚೊಚ್ಚಲ ಬಾಣಂತನ ತವರಿನದು, ನೀನು ಕೇಳುವ ಮೊದಲೇ ನಾನು ಕರೆಯಬೇಕಿತ್ತು. ನಾನೇನು ಅಂದೆ? ಮನೆಗೆ ಸುಣ್ಣಬಣ್ಣ ನಡೆಯುತ್ತಿದೆ, ಹಬ್ಬಕ್ಕೆ ಕೊಣನೂರಿನಿಂದ ನಿನ್ನ ಚಿಕ್ಕಪ್ಪನ ಮನೆಯವರೆಲ್ಲ ಬರುತ್ತಾರೆ, ಜಾಗವೆಲ್ಲಿದೆ, ಕ್ರಿಸ್‌ಮಸ್ ಕಳೆಯಲಿ ಅಂದೆ. ನಿಮ್ಮಪ್ಪನಿಗೂ ಇಷ್ಟವಿಲ್ಲ ಎಂದು ಸೇರಿಸಿದೆ. ನೀನು ಆಯ್ತಮ್ಮ ಎಂದು ಫೋನು ಇಟ್ಟೆ. ಜಾಗಕ್ಕೇನೂ ಕಮ್ಮಿ ಇರಲಿಲ್ಲ. ರಿಜಿಸ್ಟರ್ ಆಫೀಸಿನಲ್ಲಿ ಲಿಂಗಾಯತರ ಹುಡುಗನನ್ನು ಕಟ್ಟಿಕೊಂಡವಳು ತುಂಬು ಬಸುರಿಯಾಗಿ ಹಬ್ಬದ ಪೂಜೆಗೆ ಬಂದು ನನ್ನ ಪಕ್ಕ ಕೂತರೆ ಚರ್ಚಿನವರು ಏನಂದಾರು ಎಂಬ ಅಳುಕು. ಚರ್ಚಿನ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವ ಟೀಚರ್ ನಾನು, ನನ್ನ ಮನೆಯಲ್ಲೇ ಹೀಗೆ ಅನ್ನುತ್ತಾರಲ್ಲ ಎಂದು.

ಆಮೇಲೆ ಹಬ್ಬದ ಕೆಲಸಕ್ಕೆ ಬಿದ್ದೆ. ಕಜ್ಜಾಯ, ಕರ್ಜಿಕಾಯಿ, ಪರದೆ ಒಗೆಯುವುದು, ಎಲ್ಲರಿಗೂ ಬಟ್ಟೆ. ಸಾಲದ್ದಕ್ಕೆ ಈ ಸಲ ಚರ್ಚಿನವರು ಮನೆಮನೆಯ ಗೋದಲಿಗೆ ಸ್ಪರ್ಧೆ ಇಟ್ಟಿದ್ದರು. ನಾನು ಬಿಡುತ್ತೇನೆಯೇ. ಹತ್ತು ದಿನ ಮೊದಲೇ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಹಸಿರು ಪೈರು ಬರಿಸಿದೆ, ಬೆಟ್ಟ ಮಾಡಿದೆ, ಅದರ ಬುಡದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆ ಕಟ್ಟಿ ಬೊಂಬೆ ಜೋಡಿಸಿದೆ, ತೊರೆಯಲ್ಲಿ ನೀರು ಹರಿಯಲು ಪುಟ್ಟ ಮೋಟರ್ ಇಟ್ಟೆ, ಸೀರಿಯಲ್ ಲೈಟ್ ಸುತ್ತಿದೆ. ಸೊಂಟ ಬಿದ್ದುಹೋಯಿತು. ಬಂದವರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಫಾದರ್ ಕೂಡ ಬಹಳ ಚೆನ್ನಾಗಿದೆ ಅಂದರು. ಇಪ್ಪತ್ತಾರಕ್ಕೆ ಸ್ಪರ್ಧೆಯವರು ಬಂದು ನೋಡಿ ಮೊದಲ ಬಹುಮಾನ ನನಗೇ ಕೊಟ್ಟರು, ಒಂದು ಗೋಡೆ ಗಡಿಯಾರ.

ನಿನ್ನೆ ಗುರುಸಿದ್ದಮ್ಮನವರು ಕಾಫಿ ಲೋಟ ಹಿಡಿದು ಗೋದಲಿಯ ಮುಂದೆ ಕೂತರು. ಕೊರಳಿನ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸೇರಿಸಿಕೊಂಡು ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ಎಲ್ಲಾರೂ ಅವ್ರೆ ಬೀಗ್ರೆ, ದನ ಕುರಿನೂ ಅವೆ. ಕೂಸೇ ಕಾಣಕ್ಕಿಲ್ವಲ್ಲ?" ಅಂದರು.

ನೋಡಿದೆ. ಮರಿಯಮ್ಮ, ಜೋಸೆಫರು, ಕುರುಬರು, ಮೂರು ರಾಜರು, ಒಂಟೆ, ಎಲ್ಲ ಇದ್ದರು. ನಡುವೆ ಹುಲ್ಲು ಹಾಸಿದ ಜಾಗ ಬರಿದು. ನಡುರಾತ್ರಿ ಪೂಜೆಯಿಂದ ಬಂದು ಬಾಲಯೇಸುವನ್ನು ಅಲ್ಲಿ ಮಲಗಿಸುವುದು ಮನೆಯ ಕಿರಿಯರ ಕೆಲಸ, ನಮ್ಮಲ್ಲಿ ಅದು ಯಾವತ್ತೂ ನಿನ್ನದೇ. ಈ ಸಲ ನಾನು ಬಂದವಳೇ ಸೀರೆ ಬದಲಿಸಿ ಬಿರಿಯಾನಿಗೆ ಮಸಾಲೆ ಕಲಸಲು ಹೋದೆ. ಮೂರು ದಿನ, ಸೆಲೀನಾ. ಜಪಸರ ಹಿಡಿದು ಅದೇ ಗೋದಲಿಯ ಮುಂದೆ ಮಂಡಿಯೂರಿದ್ದೇನೆ, ಕಣ್ಣಿಗೆ ಬೀಳಲಿಲ್ಲ. ನಲವತ್ತು ಜನ ಬಂದು ಹೋದರು, ಒಬ್ಬರಿಗೂ ಕಾಣಲಿಲ್ಲ. ನಮ್ಮ ಹಬ್ಬ ಇವರಿಗೇನು ಗೊತ್ತು ಎಂದು ನಾನು ಅಂದುಕೊಂಡಿದ್ದ ಹೆಂಗಸಿಗೆ ಕಂಡಿತು.

ಅಟ್ಟದಿಂದ ರಟ್ಟಿನ ಡಬ್ಬ ಇಳಿಸಿದೆ. ಹೋದ ಜನವರಿಯಲ್ಲಿ ನೀನು ಸುತ್ತಿಟ್ಟ ಪೇಪರಿನಲ್ಲಿ ಬಾಲಯೇಸು ಹಾಗೇ ಇತ್ತು. ನಾನು ಬಿಚ್ಚಿಯೇ ಇರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತೆ.

ನಿಮ್ಮತ್ತೆ ನನ್ನ ಬೆನ್ನು ಸವರಿ, ಬಂದ ಕೆಲಸ ಹೇಳಿದರು. "ಡಾಕ್ಟ್ರು ಇನ್ನು ಎಲ್ಡು ವಾರ ಅಂದವ್ರೆ. ನಾನೆಷ್ಟು ನೋಡ್ಕಂಡ್ರೂ ಅವ್ಳು ಅವ್ವನ್ನೇ ನೆನೀತಾಳೆ. ಒಂದು ಮೂಲೆ ಜಾಗ ಕೊಡಿ ಸಾಕು, ಅಡಿಗೆ ಬೇಕಾರೆ ನಾನೇ ಬಂದು ಮಾಡಾಕ್ತೀನಿ."

ಬಸುರಿ ಮರಿಯಮ್ಮನಿಗೆ ಬೆತ್ಲೆಹೇಮಿನಲ್ಲಿ ಯಾರೂ ಜಾಗ ಕೊಡಲಿಲ್ಲ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಬಾಗಿಲು ಹಾಕಿಕೊಂಡವರನ್ನು ಬಾಯ್ತುಂಬ ಬೈದಿದ್ದೇನೆ. ಈಗ ಬೀಗಿತ್ತಿ ನನ್ನ ನಡುಮನೆಯಲ್ಲಿ ಕೂತು, ನನ್ನ ಮಗಳಿಗೆ ನನ್ನನ್ನೇ ಒಂದು ಮೂಲೆ ಕೇಳುತ್ತಿದ್ದಾರೆ. ನಾಚಿಕೆಯಾಯಿತು ಕಣೇ, ಇನ್ನೂ ಆಗುತ್ತಿದೆ.

ಬಾ ಮಗಳೇ. ನಿನ್ನ ಕೋಣೆ ಗುಡಿಸಿ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಚಂದ್ರಮೌಳಿಯೂ ಬರಲಿ. ನಿಮ್ಮತ್ತೆಗೆ ಮಾಂಸ ಮುಟ್ಟದ ಪಾತ್ರೆಗಳನ್ನು ಬೇರೆ ತೆಗೆದಿಟ್ಟಿದ್ದೇನೆ. ಹೊಸ ವರ್ಷದ ಪೂಜೆಗೆ ನನ್ನ ಪಕ್ಕದಲ್ಲೇ ಕೂರು. ನೋಡುವವರು ನೋಡಲಿ.

ನಿನ್ನ ಅಮ್ಮ,
ಜಪಮಾಲಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿದದ್ದು: ನಿಮ್ಮಪ್ಪ ಬೇಡವೆಂದಿರಲೇ ಇಲ್ಲ. ನೀನು ಫೋನು ಮಾಡಿದ ದಿನವೇ ಕರೆತರಲು ಚಪ್ಪಲಿ ಮೆಟ್ಟಿದ್ದರು. ಅವಳಿಗೇ ಇಲ್ಲಿಗೆ ಬರಲು ಮನಸ್ಸಿಲ್ಲವಂತೆ ಎಂದು ಸುಳ್ಳು ಹೇಳಿ ಕೂರಿಸಿದವಳು ನಾನು. ನಿನ್ನೆ ಸಂಜೆ ಬಾಯಿಬಿಟ್ಟೆ. ಆಮೇಲೆ ಅವರು ನನ್ನೊಡನೆ ಆಡಿದ್ದು ಒಂದೇ ಮಾತು: ಪತ್ರ ನಾನೇ ಒಯ್ಯುತ್ತೇನೆ, ಅದನ್ನು ಒಳಗೆ ಕಳಿಸಿಕೊಟ್ಟು, ಅವಳು ಓದಿ ಕರೆಯುವವರೆಗೂ ಬೀದಿಯಲ್ಲೇ ನಿಂತಿರುತ್ತೇನೆ. ಹೋಗಿ ಬಾಗಿಲು ತೆಗಿ.